ಅತ್ತೆ, ಸೊಸೆ ಮತ್ತು ಗುಹೆಯ ಸ್ಪಂಜು

“ಸತ್ತವರೂ ಸುಮ್ಮನೇ ಇರ್ತಾರಮ್ಮ. ಹಾಗಂತ ಅವರಿಗೆ ಸಮಾಧಾನ ಆಗಿದೆ ಅನ್ನೋಕಾಗುತ್ತಾ?”

ಇಷ್ಟು ಹೇಳಿ ವಿಭಾಗದ ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮಾತಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಜಗಳ ಆಡಬಹುದಿತ್ತು. ಆದರೆ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಎದುರು ಕೂತಿದ್ದವಳು ಪ್ರಯೋಗಾಲಯದಲ್ಲಿ ವಿಜ್ಞಾನಿ. ಬಂದರಿನಲ್ಲಿ ಮಾತ್ರ ಎಲ್ಲರಿಗೂ ಬೆಸುಗೆಯಮ್ಮನ ಸೊಸೆ. ಈ ಕತೆ ಹೆಚ್ಚಾಗಿ ನೀರಿನಲ್ಲೇ ನಡೆದದ್ದರಿಂದ ನಾವೂ ಅವಳನ್ನು ಸೊಸೆ ಎಂದೇ ಕರೆಯೋಣ.

ಸೊಸೆಯ ಕೆಲಸ ಭಕ್ಷಕ ಕೋಶಗಳ ಮೇಲೆ. ನಮ್ಮ ಮೈಯೊಳಗೆ ರೋಗಾಣು ನುಗ್ಗಿದರೆ ಮೊದಲು ಎದ್ದು ಬೊಬ್ಬೆ ಹಾಕುವ ಕಾವಲುಗಾರರು ಇವು. ಆ ಬೊಬ್ಬೆ ಎಂದರೆ ಕೋಶಗಳು ಸುರಿಸುವ ರಾಸಾಯನಿಕಗಳು. ಅವುಗಳಿಂದಲೇ ಊತ, ಕೆಂಪು, ಉರಿ, ನೋವು. ಗಾಯ ಮಾಯಲು ಇದೆಲ್ಲ ಬೇಕು. ಆದರೆ ಕೆಲವರ ಮೈಯಲ್ಲಿ ಕಳ್ಳ ಇಲ್ಲದಿದ್ದರೂ ಕಾವಲುಗಾರ ಕೂಗುತ್ತಲೇ ಇರುತ್ತಾನೆ. ಆಗ ಅವರದೇ ಕೀಲುಗಳು ಅವರನ್ನು ಸುಡುತ್ತವೆ.

ಎರಡು ವರ್ಷದ ಹಿಂದೆ ಅವಳು ಗಾಜಿನ ತಟ್ಟೆಯಲ್ಲಿ ಇಂಥ ಕೋಶಗಳನ್ನು ಬೆಳೆಸಿ, ಸತ್ತ ಬ್ಯಾಕ್ಟೀರಿಯಾದ ಹೊರಪೊರೆಯ ಚೂರು ತೋರಿಸಿ ರೇಗಿಸಿದ್ದಳು. ಅವು ಕೂಗಿದವು. ಆಮೇಲೆ ಕಡಲ ಸ್ಪಂಜೊಂದರ ಸತ್ವವನ್ನು ಒಂದಿಷ್ಟು ಹಾಕಿದಳು. ಕೂಗು ನಿಂತಿತು. ಮತ್ತೆ ಮಾಡಿದಳು, ಮತ್ತೆ ನಿಂತಿತು. ಅಷ್ಟರಲ್ಲಿ ಸತ್ವ ಖಾಲಿಯಾಯಿತು. ಕೋಶಗಳು ಶಾಂತವಾದವೋ, ವಿಷ ತಗುಲಿ ಸತ್ತವೋ ನೋಡಲು ಒಂದು ಹನಿಯೂ ಉಳಿಯಲಿಲ್ಲ. ಬೇರೆ ಬೇರೆ ಕಡಲ ತೀರಗಳಿಂದ ಅದೇ ಜಾತಿಯ ಸ್ಪಂಜು ತರಿಸಿ ನೋಡಿದಳು. ಒಂದರಲ್ಲೂ ಆ ಗುಣವಿರಲಿಲ್ಲ.

“ಈ ಸೀಸನ್ ಮುಗಿಯೋದ್ರೊಳಗೆ ಹೊಸ ಸ್ಪಂಜು ತಂದು ತೋರಿಸಿ,” ಎಂದರು ಮುಖ್ಯಸ್ಥರು. “ಇಲ್ಲದಿದ್ರೆ ಈ ಕೆಲಸ ಇಲ್ಲಿಗೇ ಬಿಡೋಣ. ನನಗೂ ಬೇಜಾರೇ.”

ಅಂದು ಸಂಜೆ ಮನೆಯ ಹಿಂದಿನ ಶೆಡ್ಡಿನಲ್ಲಿ ಅತ್ತೆ ಗಾಳಿ ಸಿಲಿಂಡರಿನ ತಿರುಪುಗಳಿಗೆ ಗ್ರೀಸ್ ಹಚ್ಚುತ್ತ ಕೂತಿದ್ದರು. ಮೂವತ್ತು ವರ್ಷ ಬಂದರಿನ ನೀರಿನಡಿ ಮುಳುಗಿ ಹಡಗಿನ ತಳಕ್ಕೆ, ಹಡಗು ನಿಲ್ಲುವ ಧಕ್ಕೆಯ ಕಂಬಗಳಿಗೆ ಬೆಸುಗೆ ಹಾಕಿದವರು ಅವರು. ಆ ಮೊದಲ ಸ್ಪಂಜನ್ನು ತಂದುಕೊಟ್ಟವರೂ ಅವರೇ. ಹಡಗುಗಳಿಗೆ ದಾರಿ ತೋರುವ, ಕಿತ್ತುಹೋದ ತೇಲುಬುರುಡೆಯ ಸರಪಳಿ ಹುಡುಕಿಕೊಂಡು ದೂರದ ಒಂಟಿಬಂಡೆಯ ಗುಹೆಯೊಳಗೆ ಹೋದಾಗ, ಸರಪಳಿಗೆ ಮೆತ್ತಿಕೊಂಡು ಮುಷ್ಟಿ ಗಾತ್ರದ ಮುದ್ದೆಯೊಂದು ಬಂದಿತ್ತು. “ನಾತ ಹೊಡೆಯುತ್ತೆ, ನಿನ್ನ ಕೆಲಸಕ್ಕೆ ಬರುತ್ತೇನೋ ನೋಡು,” ಎಂದು ಬಕೆಟಿನಲ್ಲಿ ಹಾಕಿ ಕೊಟ್ಟಿದ್ದರು.

ಸೊಸೆ ನಡೆದದ್ದನ್ನು ಹೇಳಿದಳು.

“ಅದಕ್ಯಾಕೆ ಮುಖ ಜೋಲು ಹಾಕ್ಕೊಂಡಿದ್ದೀಯ? ಗುಹೆ ಎಲ್ಲೂ ಓಡಿಹೋಗಿಲ್ಲ. ಹೋಗಿ ತರೋಣ.”

“ಅಷ್ಟು ಸುಲಭಾನಾ ಅತ್ತೆ?”

“ಸುಲಭ ಅಂತ ಯಾರಂದ್ರು? ತರೋಣ ಅಂದೆ.”

ಪ್ರಯೋಗಾಲಯದಲ್ಲೇ ತಂತ್ರಜ್ಞನಾಗಿದ್ದ ಸೊಸೆಯ ಗಂಡ ಬಾಗಿಲಿಗೆ ಒರಗಿ ಕೇಳುತ್ತಿದ್ದ. “ರಕ್ತದಿಂದ ಕೋಶಗಳನ್ನ ನಾನು ತಯಾರು ಮಾಡಿಡ್ತೀನಿ. ಆದರೆ ನೆನಪಿರಲಿ, ಬೆಳೆದ ಮೇಲೆ ಅವು ಬಹಳ ದಿನ ಬಾಳಲ್ಲ. ನೀವಿಬ್ರೂ ಅಲ್ಲೇ ಮೀನು ಎಣಿಸ್ತಾ ಕೂರ್ಬೇಡಿ.”

“ಮೊದಲು ಆ ಸಿಲಿಂಡರ್ ಎತ್ತಿಡು, ಆಮೇಲೆ ಬುದ್ಧಿ ಹೇಳು,” ಎಂದರು ಅತ್ತೆ.

ಯೋಜನೆ ಸರಳವಾಗಿತ್ತು. ಗುಹೆಯೊಳಗೆ ಹೋಗುವುದು ಅತ್ತೆ. ಗುಹೆಯ ಬಾಯಲ್ಲಿ ಹಗ್ಗ ಹಿಡಿದು ಕಾಯುವುದು ಸೊಸೆ. ಅವಳಿಗೆ ಮುಳುಗಲು ಕಲಿಸಿದವರೂ ಅತ್ತೆಯೇ. ತೆರೆದ ನೀರಿನಲ್ಲಿ ಅವಳು ಚೆನ್ನಾಗಿಯೇ ಈಜುತ್ತಿದ್ದಳು. ಆದರೆ ಒಮ್ಮೆ ಅಭ್ಯಾಸಕ್ಕೆಂದು ಮುಳುಗಿದ ದೊಡ್ಡ ಕೊಳವೆಯೊಂದರೊಳಗೆ ಕರೆದೊಯ್ದಾಗ ನಡುವೆಯೇ ಕೈಕಾಲು ಮರಗಟ್ಟಿ ನಿಂತುಬಿಟ್ಟಿದ್ದಳು. ಅತ್ತೆ ಕಾಲು ಹಿಡಿದು ಎಳೆದು ತಂದಿದ್ದರು. ಅಂದಿನಿಂದ ತಲೆಯ ಮೇಲೆ ಛಾವಣಿಯಿರುವ ನೀರಿಗೆ ಅವಳು ಇಳಿದಿರಲಿಲ್ಲ.

ಅಂಗೈ ತುಂಬುವಷ್ಟು ಸ್ಪಂಜು ತೆಗೆಯಲು ಸರ್ಕಾರದ ಪರವಾನಗಿ ಸಿಕ್ಕಿತು. ದೋಣಿಗೆ ಮೌನಿಯನ್ನು ಗೊತ್ತುಮಾಡಿದರು. ಮೌನಿ ಎಂಬುದು ಬಂದರಿನವರು ತಮಾಷೆಗೆ ಇಟ್ಟ ಹೆಸರು. ಆ ಮನುಷ್ಯ ನಿದ್ದೆಯಲ್ಲೂ ಮಾತಾಡುತ್ತಿದ್ದ.

ಬೆಳಕು ಹರಿಯುವ ಹೊತ್ತಿಗೆ ದೋಣಿ ಬಂದರಿನ ಅಳಿವೆ ದಾಟಿತು. ಕಡಲು ಎಣ್ಣೆ ಸವರಿದ ಹಾಗೆ ನುಣ್ಣಗಿತ್ತು. ಹಿಂದೆ ಕ್ರೇನುಗಳು ಸಣ್ಣಗಾಗುತ್ತ ಹೋಗಿ ಕಡ್ಡಿಗಳಾದವು, ಕಡ್ಡಿಗಳು ಮಂಜಿನಲ್ಲಿ ಕರಗಿದವು. ಬೂದುಬಣ್ಣದ ನೀರು ಮೊದಲು ಹಸಿರಾಯಿತು, ದಡ ಪೂರ್ತಿ ಮರೆಯಾದಮೇಲೆ ಕಡುನೀಲಿಗೆ ತಿರುಗಿತು. ಆ ನೀಲಿಯ ಮೇಲೆ ಬಿಳಿ ಹಕ್ಕಿಗಳ ಹಿಂಡೊಂದು ಕುಣಿಯುತ್ತ, ಒಟ್ಟಿಗೆ ಬೀಳುತ್ತ, ಒಟ್ಟಿಗೆ ಏಳುತ್ತ ದೋಣಿಯ ಜೊತೆ ಸ್ವಲ್ಪ ದೂರ ಬಂದು, ಬೇಸರವಾದಂತೆ ಬೇರೆ ದಿಕ್ಕು ಹಿಡಿಯಿತು. ಮೌನಿ ಮಾತ್ರ ತನ್ನ ಮಂಡಿನೋವು, ಎಂಜಿನ್ನಿನ ಬಿಡಿಭಾಗಗಳ ಬೆಲೆ, ತನ್ನ ಭಾವಮೈದುನನ ಸೋಮಾರಿತನ ಎಲ್ಲವನ್ನೂ ಒಂದೇ ಉಸಿರಿನಲ್ಲಿ ವಿವರಿಸುತ್ತಿದ್ದ.

“ಅಕ್ಕಾ, ಒಂದ್ವಿಷಯ,” ಎಂದ ಅವನು ಚುಕ್ಕಾಣಿ ತಿರುಗಿಸುತ್ತ. “ನೈಋತ್ಯದಿಂದ ದೊಡ್ಡ ಅಲೆ ಬರ್ತಾ ಇದೆಯಂತೆ. ಇವತ್ತು ಸಂಜೆಯೊಳಗೆ ವಾಪಸ್ ಆಗ್ಲೇಬೇಕು. ಇವತ್ತು ಬಿಟ್ರೆ ಈ ವರ್ಷ ಆ ಕಡೆ ಮುಖ ಹಾಕೋ ಹಾಗಿಲ್ಲ.”

“ಹಾಗಾದ್ರೆ ಇವತ್ತೇ ಮುಗಿಸೋಣ,” ಎಂದರು ಅತ್ತೆ.

ಒಂಟಿಬಂಡೆ ನೀರಿನಿಂದ ನೇರವಾಗಿ ಎದ್ದು ನಿಂತಿತ್ತು. ಮರವಿಲ್ಲ, ಮರಳಿಲ್ಲ. ಕಪ್ಪು ಕಲ್ಲಿನ ಮೇಲೆ ಹಕ್ಕಿಗಳ ಹಿಕ್ಕೆಯ ಬಿಳಿ ಗೀರುಗಳು, ಬುಡದಲ್ಲಿ ಅಲೆಗಳು ಏರಿಳಿದು ನಿಟ್ಟುಸಿರಿಡುವ ಸದ್ದು. ಮೌನಿ ಲಂಗರು ಇಳಿಸಿದ. ಅತ್ತೆ, ಸೊಸೆ ಇಬ್ಬರೂ ಬೆನ್ನಿಗೆ ಸಿಲಿಂಡರ್ ಬಿಗಿದು ನೀರಿಗೆ ಬಿದ್ದರು.

ಕೆಳಗೆ ತಣ್ಣಗಿತ್ತು, ನಿರೀಕ್ಷಿಸಿದ್ದಕ್ಕಿಂತ ತಣ್ಣಗೆ. ಬಂಡೆಯ ಗೋಡೆಯನ್ನು ಸವರುತ್ತ ಇಳಿದರು. ಗುಹೆಯ ಬಾಯಿ ಸಿಕ್ಕಿತು. ಆದರೆ ಅತ್ತೆ ಹೇಳಿದ್ದ ಅಗಲವಾದ ಬಾಯಿ ಅಲ್ಲ. ನಡುವೆ ಯಾವಾಗಲೋ ಬಿದ್ದ ಎರಡು ದೊಡ್ಡ ಬಂಡೆಗಳು ಒಂದಕ್ಕೊಂದು ಒರಗಿ, ಒಬ್ಬರು ಮಾತ್ರ ನುಸುಳುವಷ್ಟು ಓರೆ ಸಂದಿ ಉಳಿದಿತ್ತು. ಅತ್ತೆ ಸನ್ನೆ ಮಾಡಿ ಹಗ್ಗದ ತುದಿಯನ್ನು ತಮ್ಮ ಪಟ್ಟಿಗೆ ಸಿಕ್ಕಿಸಿ ಒಳಗೆ ಹೋದರು. ಸೊಸೆ ಹೊರಗೆ ನಿಂತು ಹಗ್ಗ ಬಿಡುತ್ತ ಹೋದಳು. ಒಂದು ಜಗ್ಗು ಎಂದರೆ ಕ್ಷೇಮ. ಬಿಡದೆ ಜಗ್ಗಿದರೆ ಅಪಾಯ.

ಹಗ್ಗ ಸ್ವಲ್ಪ ದೂರ ಓಡಿ ನಿಂತಿತು. ಆಮೇಲೆ ಸಡಿಲವಾಯಿತು. ಅತ್ತೆ ವಾಪಸ್ ಬರುತ್ತಿದ್ದರು. ಕೈ ಖಾಲಿ.

ದೋಣಿಗೆ ಹತ್ತಿದ ಮೇಲೆ ಅತ್ತೆ ಕೈಗವಸು ಎಳೆಯತೊಡಗಿದರು. ಅದು ಬರಲಿಲ್ಲ. ಸೊಸೆಯೇ ಹಿಡಿದು ಎಳೆದಳು. ಗೆಣ್ಣುಗಳೆಲ್ಲ ಕೆಂಪಗೆ ಊದಿ, ಬೆರಳು ಅರ್ಧ ಮಡಚಿ, ಅಲ್ಲೇ ಬಿಗಿದುಕೊಂಡಿದ್ದವು.

“ಬ್ಲೇಡು ಹಿಡಿಯೋಕೇ ಆಗ್ಲಿಲ್ಲ,” ಎಂದರು ಅತ್ತೆ. “ಸ್ಪಂಜು ಇದೆ. ಕಣ್ಣೆದುರಿಗೇ ಇದೆ. ಕೈ ಮಾತು ಕೇಳ್ಲಿಲ್ಲ.”

“ಎಷ್ಟು ದಿನದಿಂದ ಹೀಗೆ?”

“ಚಳಿಗಾಲದಿಂದ. ಬೆಳಿಗ್ಗೆ ಜಾಸ್ತಿ. ಬಿಸಿಲೇರಿದ್ಮೇಲೆ ಸರಿಹೋಗುತ್ತೆ. ನೀರು ಇಷ್ಟು ತಣ್ಣಗಿರುತ್ತೆ ಅಂದ್ಕೊಂಡಿರ್ಲಿಲ್ಲ.”

“ನನಗೆ ಹೇಳ್ಬೇಕಿತ್ತು!”

“ಹೇಳಿದ್ರೆ ನನ್ನನ್ನ ಕರ್ಕೊಂಡು ಬರ್ತಿದ್ಯಾ?”

“ಇಲ್ಲ!”

“ಮತ್ತೆ?”

ಸೊಸೆಗೆ ಸಿಟ್ಟು ನೆತ್ತಿಗೇರಿತು. ಅತ್ತೆಯ ಮೇಲೆ ಸ್ವಲ್ಪ, ತನ್ನ ಮೇಲೆ ಬಹಳ. ಎಷ್ಟೋ ತಿಂಗಳಿಂದ ಡಬ್ಬಿಯ ಮುಚ್ಚಳ ತೆಗೆಯಲು ಅತ್ತೆ ಅವಳನ್ನೇ ಕರೆಯುತ್ತಿದ್ದರು. “ತೆಗಿ ನೋಡೋಣ, ಕೈಗೆ ಬಲ ಬರುತ್ತೆ,” ಎನ್ನುತ್ತಿದ್ದರು. ದಿನವಿಡೀ ಉರಿಯೂತದ ಬಗ್ಗೆ ಓದುವವಳಿಗೆ ತನ್ನ ಮನೆಯಲ್ಲೇ ಇದ್ದ ಊತ ಕಾಣಿಸಿರಲಿಲ್ಲ.

ಮೌನಿ ಫ್ಲಾಸ್ಕಿನಿಂದ ಬಿಸಿ ಚಹಾ ಬಗ್ಗಿಸಿ ಇಬ್ಬರಿಗೂ ಕೊಟ್ಟ. “ವಾಪಸ್ ಹೋಗೋಣ್ವಾ?” ಎಂದು ಮೆಲ್ಲಗೆ ಕೇಳಿದ.

ಸೊಸೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೀರನ್ನೇ ನೋಡುತ್ತ ಕೂತಳು. ಕೊಳವೆಯ ಕತ್ತಲು ನೆನಪಾಯಿತು. ಮುಖ್ಯಸ್ಥರ ಕನ್ನಡಕ ನೆನಪಾಯಿತು. ಅವೆರಡಕ್ಕಿಂತ ಹೆಚ್ಚಾಗಿ, ಆ ತಟ್ಟೆಯಲ್ಲಿ ನಿಜವಾಗಿ ನಡೆದದ್ದೇನು ಎಂದು ತಿಳಿಯದೆಯೇ ಉಳಿದ ಆಯುಷ್ಯವನ್ನೆಲ್ಲ ಕಳೆಯಬೇಕಲ್ಲ ಎನ್ನಿಸಿತು.

“ನಾನು ಹೋಗ್ತೀನಿ.”

ಅತ್ತೆ ಬೇಡ ಎನ್ನಲಿಲ್ಲ, ಭೇಷ್ ಎನ್ನಲೂ ಇಲ್ಲ. ಕೆಲಸಗಾರರನ್ನು ನೀರಿಗಿಳಿಸುವ ಮೊದಲು ಕೇಳುವ ದನಿಯಲ್ಲಿ ಕೇಳಿದರು. “ಕೊಳವೆಯಲ್ಲಿ ಆದ ಹಾಗೆ ಆದ್ರೆ ಏನ್ಮಾಡ್ತೀಯ?”

“ಅಲ್ಲೇ ನಿಲ್ತೀನಿ. ನಿಧಾನ ಉಸಿರು ಬಿಡ್ತೀನಿ. ಹಗ್ಗ ಬಿಡಲ್ಲ.”

“ಗಾಳಿ?”

“ಮೂರರಲ್ಲಿ ಒಂದು ಪಾಲು ಹೋಗೋಕೆ, ಒಂದು ಪಾಲು ಬರೋಕೆ, ಒಂದು ಪಾಲು ಆಪತ್ತಿಗೆ. ಮೊದಲ ಪಾಲು ಮುಗಿದ ತಕ್ಷಣ ತಿರುಗ್ತೀನಿ.”

“ಸ್ಪಂಜು ಸಿಗದಿದ್ರೂ?”

ಸೊಸೆ ಲೋಟ ಕೆಳಗಿಟ್ಟಳು. “ಸಿಗದಿದ್ರೂ.”

“ಹಾಂ. ಅದನ್ನೇ ಕೇಳ್ಬೇಕಿತ್ತು ನಂಗೆ. ಸ್ವಲ್ಪ ಹೊತ್ತು ಮೈ ಬೆಚ್ಚಗಾಗ್ಲಿ, ಆಮೇಲೆ ಇಳಿಯೋಣ.”

ಮಧ್ಯಾಹ್ನ ಭರತ ಇಳಿತಗಳ ನಡುವೆ ನೀರು ನಿಂತ ಹೊತ್ತಿಗೆ ಮತ್ತೆ ಮುಳುಗಿದರು. ಸಂದಿಯ ಹೊರಗೆ ಅತ್ತೆ ಬಂಡೆಗೆ ಬೆನ್ನು ಕೊಟ್ಟು ನಿಂತರು. ಹಗ್ಗವನ್ನು ಬೆರಳಲ್ಲಿ ಹಿಡಿಯದೆ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡರು. ಸೊಸೆಯ ಹೆಗಲನ್ನು ಒಮ್ಮೆ ತಟ್ಟಿದರು.

ಸೊಸೆ ಸಂದಿಗೆ ತಲೆ ತೂರಿಸಿದಳು. ಸಿಲಿಂಡರ್ ಕಲ್ಲಿಗೆ ತಾಗಿ ಕರ್ ಎಂದಿತು. ಎದೆಯಲ್ಲಿ ಹಳೆಯ ಭಯ ಕೈ ಹಾಕಿ ಹಿಂಡಿತು. ಅವಳು ನಿಂತಳು. ಉಸಿರು ಬಿಟ್ಟಳು. ಗುಳ್ಳೆಗಳು ಕಿವಿಯ ಪಕ್ಕದಲ್ಲೇ ಸದ್ದು ಮಾಡುತ್ತ ಮೇಲೆ ಹೋದವು. ಇನ್ನೊಂದು ಉಸಿರು. ಕಾಲು ಆಡಿಸಿದಳು. ದಾಟಿದಳು.

ಒಳಗೆ ಗುಹೆ ದೊಡ್ಡದಾಗುತ್ತ ಹೋಯಿತು. ದೀಪದ ಬೆಳಕು ಬಿದ್ದಲ್ಲೆಲ್ಲ ಕತ್ತಲು ಬಣ್ಣ ತಳೆಯಿತು. ಗೋಡೆಯ ಮೇಲೆ ಕಿತ್ತಳೆ ಹೊಪ್ಪಳೆಗಳು, ಹಾಲುಬಿಳಿಯ ಹವಳದ ಬೆರಳುಗಳು, ಕಾಲು ಮಡಚಿ ಕೂತ ಸಿಗಡಿಗಳ ಕೆಂಡದಂಥ ಕಣ್ಣುಗಳು. ತಳದಲ್ಲಿ ಹಿಟ್ಟಿನಷ್ಟು ಸಣ್ಣ ಹೂಳು ಮಲಗಿತ್ತು. ಅದನ್ನು ಕದಡದಂತೆ ಅವಳು ಕಾಲುಗಳನ್ನು ಎತ್ತರಕ್ಕೆ ಮಡಚಿ ತೇಲುತ್ತ ಸಾಗಿದಳು. ಛಾವಣಿಯಲ್ಲಿ ಅವು ಕಂಡವು. ಇಟ್ಟಿಗೆ ಬಣ್ಣದ, ಸುಟ್ಟ ಬ್ರೆಡ್ಡಿನಂತೆ ಒರಟಾದ ಮುದ್ದೆಗಳು. ನೋಡಿದರೆ ಕಲ್ಲೋ ಪಾಚಿಯೋ ಎನ್ನಬೇಕು, ಆದರೆ ಸ್ಪಂಜು ಪ್ರಾಣಿ. ಓಡಲಾಗದ, ಕಚ್ಚಲಾಗದ ಪ್ರಾಣಿ. ಜಾಗಕ್ಕಾಗಿ ಸುತ್ತಲಿನವರೊಡನೆ ಹೋರಾಡಲು ಅದಕ್ಕಿರುವುದು ತನ್ನೊಳಗಿನ ರಾಸಾಯನಿಕ ಮಾತ್ರ. ಈ ಇಕ್ಕಟ್ಟಿನಲ್ಲಿ ಬಾಳಿದ್ದರಿಂದಲೇ ಇದಕ್ಕೆ ಆ ಗುಣ ಬಂತೇ? ಹೊರಗೆ ಬಿಸಿಲಲ್ಲಿ ಬೆಳೆದ ಅದರ ಬಂಧುಗಳಿಗೆ ಅದು ಬೇಕಾಗಲಿಲ್ಲವೇ? ಯೋಚಿಸಲು ಆಮೇಲೆ ಸಮಯವಿತ್ತು.

ಎಣಿಸಿದರೆ ಅಲ್ಲಿದ್ದವು ಹತ್ತೋ ಹನ್ನೊಂದೋ. ಒಂದನ್ನು ಪೂರ್ತಿ ಕಿತ್ತರೆ ಕೆಲಸ ಬೇಗ ಮುಗಿಯುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಒಂದೊಂದರ ಅಂಚಿನಿಂದ ಬೆರಳಗಲದ ಚೂರು ಮಾತ್ರ ಕೊಯ್ದು, ಬುಡವನ್ನು ಬೆಳೆಯಲು ಬಿಟ್ಟಳು. ಕೊಯ್ದಲ್ಲಿ ತಿಳಿ ನೇರಳೆ ತಿರುಳು ಕಾಣಿಸಿತು. ಚೂರುಗಳನ್ನು ಮೂರು ಡಬ್ಬಿಗಳಿಗೆ ಹಂಚಿದಳು. ಎರಡು ಡಬ್ಬಿ ಬಲೆಚೀಲಕ್ಕೆ, ಒಂದು ಎದೆಯ ಪಟ್ಟಿಯೊಳಕ್ಕೆ.

ಗಾಳಿಮಾಪಕದ ಮುಳ್ಳು ಮೊದಲ ಪಾಲಿನ ಗೆರೆ ಮುಟ್ಟಿತು. ಅವಳು ತಿರುಗಿದಳು.

ಆಗಲೇ ಅಲೆ ಬಂತು.

ಮೌನಿ ಹೇಳಿದ್ದ ನೈಋತ್ಯದ ಅಲೆ, ಸಂಜೆಗೆ ಕಾಯದೆ. ಮೇಲೆ ಏನಾಯಿತೋ, ಗುಹೆಯೊಳಗೆ ನೀರೆಲ್ಲ ಒಟ್ಟಿಗೆ ಮೈ ಹೊರಳಿಸಿತು. ಅವಳನ್ನು ಹಿಂದಕ್ಕೆ ನೂಕಿ, ಮತ್ತೆ ಮುಂದಕ್ಕೆ ಎಳೆಯಿತು. ತಳದ ಹೂಳು ಭಗ್ಗನೆ ಎದ್ದಿತು.

ಕಂದು ಕತ್ತಲು. ದೀಪ ಇದೆ, ಬೆಳಕಿಲ್ಲ. ತನ್ನ ಕೈ ತನಗೇ ಕಾಣದು.

ಹಗ್ಗ!

ಹಗ್ಗ ಕೈಯಲ್ಲೇ ಇತ್ತು. ಅದನ್ನೇ ಹಿಡಿದು ಮುಂದೆ ಸರಿದಳು. ಒಂದು ಮಾರು, ಎರಡು ಮಾರು. ಹಣೆ ಕಲ್ಲಿಗೆ ಬಡಿಯಿತು. ತಡಕಿದಳು. ಅಲೆಯ ಸೆಳೆತಕ್ಕೆ ಹಗ್ಗ ಬದಿಗೆ ಸರಿದು, ಅಂಗೈ ಮಾತ್ರ ತೂರುವಂಥ ಬಿರುಕಿನೊಳಗೆ ಸಿಕ್ಕಿಕೊಂಡಿತ್ತು. ಹಗ್ಗಕ್ಕೆ ದಾರಿಯಿತ್ತು. ಅವಳಿಗಿರಲಿಲ್ಲ.

ಜಗ್ಗಿದಳು. ಅದು ಬರಲಿಲ್ಲ. ಬಿಡದೆ ಜಗ್ಗಿದಳು. ಆ ಕಡೆಯಿಂದ ಉತ್ತರವಿಲ್ಲ.

ಉಸಿರು ಓಡತೊಡಗಿತು. ಓಡುವ ಉಸಿರು ಗಾಳಿಯನ್ನು ನುಂಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಓಡುತ್ತಿತ್ತು.

ನಿಲ್ಲು. ಉಸಿರು ಬಿಡು.

ಅವಳು ಕಲ್ಲನ್ನು ಅಪ್ಪಿಕೊಂಡು ನಿಂತಳು. ಅಲೆ ಒಳಗೆ ಬಂತು, ಹಿಂದಕ್ಕೆ ನೂಕಿತು. ಅಲೆ ಹೊರಗೆ ಹೋಯಿತು. ಹೊರಗೆ ಹೋಗುವಾಗ ಎಡಗೆನ್ನೆಯ ಮೇಲೆ ಜೋರಾಗಿ, ಬಲಗೆನ್ನೆಯ ಮೇಲೆ ಬರೀ ಸವರಿದ ಹಾಗೆ. ಇನ್ನೊಮ್ಮೆ ಕಾದಳು. ಅದೇ. ಅಷ್ಟು ನೀರು ಹೊರಗೆ ಓಡುತ್ತಿದೆ ಎಂದರೆ ಎಡಕ್ಕೆ ದೊಡ್ಡ ದಾರಿಯಿದೆ.

ಹಗ್ಗ ಹಿಡಿದ ಕೈಯನ್ನು ಹಾಗೇ ಬಿಗಿಹಿಡಿದು ಇನ್ನೊಂದು ಕೈಯನ್ನು ಎಡಕ್ಕೆ ಚಾಚಿದಳು. ಬರೀ ನೀರು. ಬಿರುಕಿನಲ್ಲಿ ಸಿಕ್ಕಿ ಬಿಗಿದ ಹಗ್ಗ ಅಲ್ಲಿಗೆ ಎಟುಕುವುದಿಲ್ಲ. ಹಗ್ಗ ಬಿಟ್ಟರೆ ಎಡಗಡೆಯ ದಾರಿಗೆ ಹೋಗಬಹುದು, ಅದು ತಪ್ಪು ದಾರಿಯಾದರೆ ಮತ್ತೆ ಹಗ್ಗಕ್ಕೆ ವಾಪಸ್ ಬರಲಾಗದು.

ಹಗ್ಗ ಬಿಡಲ್ಲ ಎಂದು ಅತ್ತೆಗೆ ಮಾತು ಕೊಟ್ಟಿದ್ದಳು.

ಪಟ್ಟಿಗೆ ಕಟ್ಟಿದ್ದ ಹಗ್ಗದ ಗಂಟನ್ನು ಅವಳು ಬಿಚ್ಚಿದಳು. ನೀರು ಹೊರಗೆ ಎಳೆದಾಗ ಅದರ ಜೊತೆ ಈಜಿದಳು. ಒಳಗೆ ನೂಕಿದಾಗ ಗೋಡೆಯ ಉಬ್ಬು ಹಿಡಿದು ಅಂಟಿ ನಿಂತಳು. ಎಳೆದಾಗ ಈಜಿದಳು, ನೂಕಿದಾಗ ಅಂಟಿದಳು. ಬಲೆಚೀಲ ಎಲ್ಲೋ ಸಿಕ್ಕಿಕೊಂಡು ಹಿಂದಕ್ಕೆ ಜಗ್ಗಿತು. ಬಿಡಿಸಲು ನೋಡಿದಳು. ಆಗಲಿಲ್ಲ. ಚಾಕು ತೆಗೆದು ಚೀಲದ ದಾರ ಕತ್ತರಿಸಿದಳು. ಎರಡು ಡಬ್ಬಿ ಕತ್ತಲೆಗೆ ಹೋದವು.

ಮಾಪಕವನ್ನು ಮುಖಕ್ಕೆ ಒತ್ತಿ ಹಿಡಿದು ನೋಡಿದಳು. ಮುಳ್ಳು ಕೆಂಪಿನೊಳಕ್ಕೆ ಇಳಿದಿತ್ತು.

ಕಂದು ಕತ್ತಲಿನಲ್ಲಿ ಒಂದು ಕಡೆ ಕತ್ತಲು ಸ್ವಲ್ಪ ತಿಳಿಯಾದಂತೆ ಕಂಡಿತು. ಅದು ಅಲುಗಿತು. ದೀಪ! ಸಂದಿಯೊಳಗೆ ಭುಜದವರೆಗೂ ತೂರಿಕೊಂಡು, ಕೈಯುದ್ದ ದೀಪ ಹಿಡಿದು ಆಡಿಸುತ್ತಿದ್ದವರು ಅತ್ತೆ. ಹಗ್ಗ ವಿಚಿತ್ರ ದಿಕ್ಕಿಗೆ ಬಿಗಿದುಕೊಂಡಾಗಲೇ ಅವರಿಗೆ ವಿಷಯ ಗೊತ್ತಾಗಿತ್ತು. ಸೊಸೆ ಆ ಬೆಳಕಿಗೆ ಕೈ ಚಾಚಿದಳು. ಬೆರಳು ಬಿಗಿದುಹೋಗಿದ್ದ ಅತ್ತೆ ತಮ್ಮ ಮೊಣಕೈಯನ್ನೇ ಕೊಕ್ಕೆ ಮಾಡಿ ಅವಳ ಹೆಗಲ ಪಟ್ಟಿಗೆ ಸಿಕ್ಕಿಸಿದರು. ಅಲೆ ಹೊರಗೆ ಸೆಳೆದ ಗಳಿಗೆ ನೋಡಿ ಇಡೀ ಮೈಭಾರದಿಂದ ಹಿಂದಕ್ಕೆ ಬಿದ್ದರು.

ಇಬ್ಬರೂ ಒಟ್ಟಿಗೆ ನೀಲಿ ನೀರಿಗೆ ಉರುಳಿದರು.

ಅತ್ತೆ ತಮ್ಮ ಎರಡನೇ ಉಸಿರುಕೊಳವೆಯನ್ನು ಸೊಸೆಯ ಬಾಯಿಗಿಟ್ಟರು. ಒಂದೇ ಸಿಲಿಂಡರಿನಿಂದ ಇಬ್ಬರೂ ಉಸಿರಾಡುತ್ತ, ಒತ್ತಡಕ್ಕೆ ಮೈ ಹೊಂದಿಕೊಳ್ಳಲೆಂದು ನಿಲ್ಲಬೇಕಾದಲ್ಲಿ ನಿಂತು, ಅವಸರ ಮಾಡದೆ ಮೇಲೆ ಬಂದರು.

ದೋಣಿ ಏರುಪೇರಾಗಿ ಕುಣಿಯುತ್ತಿತ್ತು. ಮೌನಿ ಇಬ್ಬರನ್ನೂ ಎಳೆದು ಹಾಕಿಕೊಂಡು, ಲಂಗರು ಎತ್ತಿ, ಎಂಜಿನ್ ಹಚ್ಚಿದ. ಇಷ್ಟಾದರೂ ಅವನ ಬಾಯಿಂದ ಒಂದು ಮಾತೂ ಬರಲಿಲ್ಲ. ಕಡಲು ಎಷ್ಟು ಕೆಟ್ಟಿದೆ ಎಂದು ಸೊಸೆಗೆ ಅರ್ಥವಾದದ್ದು ಅಲೆಗಳನ್ನು ನೋಡಿ ಅಲ್ಲ, ಅವನ ಮುಚ್ಚಿದ ಬಾಯಿ ನೋಡಿ.

“ಎಷ್ಟು ತಂದೆ?” ಎಂದರು ಅತ್ತೆ.

ಸೊಸೆ ಎದೆಯ ಪಟ್ಟಿಯಿಂದ ಡಬ್ಬಿ ತೆಗೆದಳು. “ಒಂದೇ. ಎರಡು ಹೋದ್ವು. ಮತ್ತೆ... ಹಗ್ಗ ಬಿಟ್ಟೆ ಅತ್ತೆ.”

“ನೋಡ್ದೆ. ಬಿಡದೇ ಇದ್ದಿದ್ರೆ ಇಷ್ಟೊತ್ತಿಗೆ ಹಗ್ಗ ಮಾತ್ರ ಹೊರಗಿರ್ತಿತ್ತು,” ಎಂದರು ಅತ್ತೆ. ಆಮೇಲೆ ಮುಖ ಆ ಕಡೆ ತಿರುಗಿಸಿ, “ಅದನ್ನ ಬೇಗ ಐಸ್‌ ಪೆಟ್ಟಿಗೆಗೆ ಹಾಕು. ಸುಮ್ನೆ ನನ್ನ ಮುಖ ನೋಡ್ಬೇಡ,” ಎಂದು ಗದರಿದರು.

ಅರ್ಧ ದಾರಿಯಲ್ಲಿ ಎಂಜಿನ್ ಕೆಮ್ಮಿ ನಿಂತಿತು. ತಂಪು ನೀರೆಳೆಯುವ ಕೊಳವೆಗೆ ಕಡಲಕಳೆ ಸಿಕ್ಕಿಕೊಂಡು ಯಂತ್ರ ಕಾದುಹೋಗಿತ್ತು. ದೋಣಿ ಅಲೆಗೆ ಅಡ್ಡ ತಿರುಗತೊಡಗಿತು. ಮೌನಿ ಮುಚ್ಚಳ ಕಿತ್ತು ಒಳಗೆ ಕೈ ಹಾಕಿದ. ಅತ್ತೆ ಚುಕ್ಕಾಣಿಯನ್ನು ಎರಡೂ ಮುಂಗೈಗಳ ನಡುವೆ ಅಪ್ಪಿ ಹಿಡಿದರು. ಸೊಸೆ ಉದ್ದನೆ ಹುಟ್ಟು ಹಿಡಿದು ದೋಣಿಯ ಮೂತಿಯನ್ನು ಅಲೆಯ ಕಡೆ ತಿರುಗಿಸಲು ತಿಣುಕಿದಳು. ಐಸ್‌ ಪೆಟ್ಟಿಗೆ ಜಾರಿ ಅಂಚಿಗೆ ಹೋಯಿತು. ಅವಳು ಕಾಲು ಚಾಚಿ ಅದನ್ನು ತಡೆದು, ಕಾಲು ತೆಗೆಯದೆಯೇ ಹುಟ್ಟು ಹಾಕಿದಳು. ಒಂದು ಅಲೆ ಮೂವರನ್ನೂ ತೋಯಿಸಿ ಹೋಯಿತು. ಇನ್ನೊಂದು. ಕಡೆಗೆ ಮೌನಿ ಹಸಿರು ಜೊಂಡಿನ ಮುದ್ದೆಯೊಂದನ್ನು ಹೊರಗೆಳೆದು ನೀರಿಗೆ ಎಸೆದ. ಎಂಜಿನ್ ಗೊರಗೊರ ಎಂದು ಜೀವ ಹಿಡಿಯಿತು.

ಬಂದರಿನ ಗೋಡೆ ಕಂಡಾಗ ಅವನ ಬಾಯಿ ತೆರೆಯಿತು. “ನನ್ನ ಭಾವಮೈದುನ ಆಗಿದ್ರೆ ಅಲ್ಲೇ ಕೂತು ಅತ್ತುಬಿಡ್ತಿದ್ದ ಗೊತ್ತಾ ಅಕ್ಕಾ...” ಅತ್ತೆ, ಸೊಸೆ ಒಬ್ಬರನ್ನೊಬ್ಬರು ನೋಡಿ ನಕ್ಕರು. ಅವತ್ತು ಅವನ ಹರಟೆಯಷ್ಟು ಇಂಪಾದದ್ದು ಇನ್ನೇನೂ ಇರಲಿಲ್ಲ.

ಸತ್ವ ತೆಗೆಯುವುದಕ್ಕೇ ಹಲವು ದಿನ ಹಿಡಿಯಿತು. ಸ್ಪಂಜನ್ನು ಅರೆದು, ದ್ರಾವಣದಲ್ಲಿ ನೆನೆಸಿ, ಸೋಸಿ, ಆವಿ ಮಾಡಿ, ಭಾಗಭಾಗವಾಗಿ ಬೇರ್ಪಡಿಸಿದ ಮೇಲೆ ಉಳಿದದ್ದು ಸೀಸೆಯ ತಳಕ್ಕೆ ಅಂಟಿದ ಹಳದಿ ಪೊರೆ. ಒಂದೇ ಒಂದು ಪೂರ್ಣ ಪ್ರಯೋಗಕ್ಕೆ ಸಾಕಾಗುವಷ್ಟು. ತಪ್ಪಿದರೆ ಮತ್ತೊಂದು ಅವಕಾಶವಿಲ್ಲ.

ಕೋಶಗಳನ್ನು ಗಂಡ ಸಿದ್ಧವಾಗಿಟ್ಟಿದ್ದ. ಸೊಸೆ ಮೊದಲು ಅವನ್ನು ರೇಗಿಸಿದಳು. ತಟ್ಟೆಯ ಕೆಲವು ಗುಳಿಗಳಿಗೆ ಸತ್ವ ಹಾಕಿದಳು, ಕೆಲವಕ್ಕೆ ಹಾಕಲಿಲ್ಲ. ಮಾರನೆಯ ದಿನ ಕೋಶಗಳ ಮೇಲಿನ ದ್ರವ ತೆಗೆದು ಅದಕ್ಕೆ ಬಣ್ಣ ಬರಿಸುವ ಪರೀಕ್ಷೆ ಮಾಡಿದರು. ಕೂಗು ಜೋರಿದ್ದಷ್ಟೂ ಹಳದಿ ಗಾಢ. ಸತ್ವ ಹಾಕದ ಗುಳಿಗಳು ಕಡು ಹಳದಿಗೆ ತಿರುಗಿದವು. ಸತ್ವ ಹಾಕಿದ ಸಾಲು ನೀರಿನ ಹಾಗೆ ತಿಳಿಯಾಗಿಯೇ ಉಳಿಯಿತು.

“ಇದನ್ನ ಹಿಂದೆಯೂ ನೋಡಿದ್ದೀವಿ,” ಎಂದರು ಪಕ್ಕದಲ್ಲಿ ನಿಂತಿದ್ದ ಮುಖ್ಯಸ್ಥರು. “ಮುಂದಿನದು ತೋರಿಸಿ.”

ಮುಂದಿನದು ನೀಲಿ ಬಣ್ಣದ ಪರೀಕ್ಷೆ. ಸತ್ತ ಕೋಶ ಬಣ್ಣವನ್ನು ಒಳಗೆ ಬಿಟ್ಟುಕೊಂಡು ನೀಲಿಯಾಗುತ್ತದೆ. ಬದುಕಿರುವ ಕೋಶ ಬಾಗಿಲು ಹಾಕಿಕೊಂಡು ಬೆಳ್ಳಗೇ ಇರುತ್ತದೆ. ಅವಳು ಸತ್ವ ಕುಡಿದ ಕೋಶಗಳನ್ನು ತಟ್ಟೆಯಿಂದ ಮೆಲ್ಲಗೆ ಎಬ್ಬಿಸಿ, ಒಂದು ಹನಿ ನೀಲಿ ಬೆರೆಸಿ, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

ಮೊದಲು ಎಲ್ಲ ಮಸುಕು. ತಿರುಪು ತಿರುಗಿಸಿದಳು.

ಬೆಳ್ಳಗೆ, ದುಂಡಗೆ, ಅಂಚಿನಲ್ಲಿ ಹೊಳೆಯುತ್ತ ಕೋಶಗಳು. ಮೂಲೆಯಲ್ಲಿ ಒಂದು ನೀಲಿ. ಆ ಬದಿಗೆ ಇನ್ನೊಂದು. ಉಳಿದವೆಲ್ಲ ಬೆಳ್ಳಗೆ.

ಅವಳು ಎದ್ದು ಮುಖ್ಯಸ್ಥರಿಗೆ ಜಾಗ ಬಿಟ್ಟಳು. ಅವರು ಕನ್ನಡಕ ಹಣೆಗೇರಿಸಿ ಕೂತರು. ತಾವೇ ಎಣಿಸಿದರು. ಗಾಜು ಬದಲಿಸಿ ಇನ್ನೊಮ್ಮೆ ಎಣಿಸಿದರು. ಸತ್ವ ಹಾಕದ ಕೋಶಗಳನ್ನು ತರಿಸಿ ಅವನ್ನೂ ಎಣಿಸಿದರು. ಎರಡರಲ್ಲೂ ಸತ್ತವು ಹೆಚ್ಚುಕಮ್ಮಿ ಒಂದೇ.

“ಸತ್ತಿಲ್ಲ,” ಎಂದರು ಕೊನೆಗೆ. “ನಿಜವಾಗ್ಲೂ ಸಮಾಧಾನ ಆಗಿವೆ.” ಕನ್ನಡಕ ಕೆಳಗಿಳಿಸಿ, “ಔಷಧ ಅನ್ನೋಕೆ ಇನ್ನೂ ಬಹಳ ದೂರ ಇದೆ, ಗೊತ್ತಲ್ಲ? ಆ ವಸ್ತು ಯಾವುದು ಅಂತ ಮೊದಲು ಹಿಡೀಬೇಕು. ನಾವೇ ತಯಾರಿಸೋದು ಕಲೀಬೇಕು. ಪದೇ ಪದೇ ಆ ಗುಹೆಗೆ ಹೋಗೋದಂತೂ ಬೇಡ.”

“ಬೇಡ್ವೇ ಬೇಡ ಸರ್,” ಎಂದಳು ಸೊಸೆ.

“ನಿಮ್ಮ ಬೆಂಚು ನಿಮ್ಗೇ ಇರುತ್ತೆ. ನಾಳೆಯಿಂದ ಶುರು ಮಾಡಿ.” ಅವರು ಬಾಗಿಲವರೆಗೆ ಹೋಗಿ ತಿರುಗಿದರು. “ಒಳ್ಳೆ ಕೆಲಸ,” ಎಂದು ಹೇಳಿ ಹೋದರು.

ಮೂಲೆಯ ಸ್ಟೂಲಿನ ಮೇಲೆ ಅತ್ತೆ ಕೂತಿದ್ದರು. ಅವತ್ತು ಬೆಳಿಗ್ಗೆ ಸೊಸೆ ಅವರನ್ನು ಬಲವಂತವಾಗಿ ಕೀಲಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ, ಅಲ್ಲಿಂದ ನೇರ ಇಲ್ಲಿಗೆ ಬಂದಿದ್ದಳು. ಡಾಕ್ಟರು ಈಗ ಸಿಗುವ ಮಾತ್ರೆಗಳನ್ನೇ ಬರೆದುಕೊಟ್ಟಿದ್ದರು.

“ಅತ್ತೆ, ಬನ್ನಿ. ನೀವೂ ನೋಡಿ.”

ಅತ್ತೆ ಬಂದು ಬಗ್ಗಿ ನೋಡಿದರು. “ಇಷ್ಟೇನಾ? ಸಾಬೂನಿನ ಗುಳ್ಳೆ ಇದ್ದ ಹಾಗಿವೆ. ಇದಕ್ಕಾ ಅಷ್ಟು ದೂರ ಹೋಗಿದ್ದು?”

“ಇದಕ್ಕೇ.”

“ಯಾರ ರಕ್ತದ್ದು ಇವು?”

ಸೊಸೆ ಗಂಡನ ಕಡೆ ನೋಡಿದಳು. ಅವನು ತೋಳು ಮಡಿಸಿ, ಸೂಜಿ ಚುಚ್ಚಿದ ಜಾಗ ತೋರಿಸಿ ಹಲ್ಲು ಕಿರಿದ.

“ನಿಮ್ಮ ಮಗನದ್ದೇ ಅತ್ತೆ. ರೇಗಿಸಿದ ತಕ್ಷಣ ರೇಗಿದ್ವು.”

“ರೇಗದೆ ಇರ್ತಾವಾ? ಚಿಕ್ಕೋನಿದ್ದಾಗ ಇವನನ್ನ ಸುಮ್ಮನಾಗಿಸೋಕೆ ನಾನು ಪಟ್ಟ ಪಾಡು ನಂಗೊಬ್ಬಳಿಗೇ ಗೊತ್ತು.” ಅತ್ತೆ ನಗುತ್ತ ಮತ್ತೆ ಕಣ್ಣಿಟ್ಟರು. ಬೆಳಕಿನ ದುಂಡು ಹೊಲದಲ್ಲಿ ಮಗನ ಕೋಶಗಳು ಹೊಳೆಯುತ್ತ, ತಣ್ಣಗೆ, ಜೀವಂತವಾಗಿ ಕೂತಿದ್ದವು.

“ಅಮ್ಮ, ಸಾಕು. ನಾನೂ ನೋಡ್ಬೇಕು,” ಎಂದ ಮಗ.

“ಇರೋ,” ಎಂದರು ಅತ್ತೆ, ಕಣ್ಣು ತೆಗೆಯದೆ.